ನೆರಳುಬೇನೆಗೆ ತಾಯತ ಕಟ್ಟಿದ ಬಗೆ

ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಕಥನದಾಟವೊಂದನ್ನು ನಾವು ಐದು ಜನ ಗೆಳೆಯರು ಶಿರಸಿಯಲ್ಲಿ ಮೂರು ಮಳೆಗಾಲಗಳಿಂದ ಆಡುತ್ತ ಬಂದಿದ್ದೇವೆ. ಕಥೆ ನಡೆಸುವ ಹೊಣೆ ನನ್ನದು. ಕಳೆದ ವರ್ಷ ನಾನು ಕಟ್ಟಿದ ಲೋಕಕ್ಕೆ ನೆರಳುಬೇನೆ ಎಂಬ ಮಾಂತ್ರಿಕ ಪಿಡುಗನ್ನು ತಂದೆ. ಅದು ತಗುಲಿದವರ ನೆರಳು ದಿನದಿನಕ್ಕೆ ತೆಳ್ಳಗಾಗುತ್ತದೆ, ಪೂರ್ತಿ ಅಳಿಸಿಹೋದ ದಿನ ಆ ಮನುಷ್ಯನೂ ಇಲ್ಲವಾಗುತ್ತಾನೆ. ಇದಕ್ಕೆ ತಡೆಯಾಗಿ ಗುಡಿಗಳಲ್ಲಿ ಮಂತ್ರಿಸಿದ ತಾಯತ ಸಿಗುತ್ತದೆಂದೂ, ಕಟ್ಟಿಕೊಂಡವರಿಗೆ ಬೇನೆ ತಡೆಯಲು ಉರುಳಿಸುವ ಇಪ್ಪತ್ತು ಮುಖದ ದಾಳದಲ್ಲಿ 4 ಅಂಕ ಹೆಚ್ಚೆಂದೂ ನಿಯಮ ಬರೆದೆ.

ಆ ನಿಯಮ ಸೋತಿತು. ಮೊದಲು ಸಿಕ್ಕ ಪೇಟೆಯಲ್ಲೇ ಎಲ್ಲರೂ ತಾಯತ ಕೊಂಡು ಕೊರಳಿಗೆ ಹಾಕಿಕೊಂಡರು; ಅಲ್ಲಿಗೆ ಭಯವೂ ಹೋಯಿತು, ಭಕ್ತಿಯೂ ಹೋಯಿತು.

ದಾರಿ ತೋರಿದವಳು ನಮ್ಮೂರ ಮಾರಿಕಾಂಬೆ. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬಿಡಕಿ ಬೈಲಿನ ಗದ್ದುಗೆಯಲ್ಲಿ ಕೂರುವ ತಾಯಿಯನ್ನು ನೋಡುತ್ತಲೇ ಬೆಳೆದವನು ನಾನು. ಬೇನೆ ತರುವವಳೂ ಮಾರಿಯೇ, ಕೊಂಡೊಯ್ಯುವವಳೂ ಮಾರಿಯೇ ಎಂದು ನಂಬಿದ ನಮ್ಮ ಹಿರಿಯರು ಸಿಡುಬನ್ನು 'ಅಮ್ಮ' ಎಂದೇ ಕರೆದರು, ಉಪಚರಿಸಿ ಊರ ಗಡಿ ದಾಟಿಸಿದರು. ಹಾಗಿದ್ದಮೇಲೆ ತಾಯತವೆಂದರೆ ಬೇನೆ ಬಂದು ಕೂರುವ ಗದ್ದುಗೆ, ತುಂಬಿದಾಗ ಅದನ್ನು ಗಡಿಯಾಚೆ ಬಿಟ್ಟುಬರಬೇಕು ಎಂದು ನನಗೆ ಹೊಳೆಯಿತು.

ಬೇನೆಗೂ ಒಂದು ದಾರಿ ಬೇಕಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಹುಳ ಕಚ್ಚುವುದರಿಂದ ಹರಡುತ್ತದೆ. ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಸವರಿಕೊಂಡು ಹೊರಡುತ್ತಾರೆ. ಆದ್ದರಿಂದ ನೆರಳುಬೇನೆಯೂ ದರಕಿನಡಿಯ ಕತ್ತಲಿನಿಂದಲೇ ಹತ್ತುವಂತೆ ಮಾಡಿದೆ. (ನಿಜದ ಕಾಯಿಲೆಗೆ ತಾಯತ ನೆಚ್ಚಿ ಕೂರುವುದನ್ನು ನಾನು ಒಪ್ಪುವುದಿಲ್ಲ, ಆಸ್ಪತ್ರೆಗೇ ಹೋಗಬೇಕು.)

ತಾಯತವನ್ನು ಕೈಯಾರೆ ಮಾಡಿದೆ. ಸಿಪ್ಪೆಗೋಟನ್ನು, ಅಂದರೆ ಸಿಪ್ಪೆಸಮೇತ ಒಣಗಿಸಿದ ಹಣ್ಣಡಿಕೆಯನ್ನು, ತೊಟ್ಟಿನ ಕಡೆಯಿಂದ ಕೊರೆದು, ಒಳಗೆ ಚಿಟಿಕೆ ಬೂದಿ ತುಂಬಿ, ಅರಗು ಕರಗಿಸಿ ಬಾಯಿ ಮುಚ್ಚಿದೆ. ಮೊದಲೆರಡು ಅಡಿಕೆಗಳು ಕೊರೆಯುವಾಗಲೇ ಸೀಳಿದವು. ಮೂರನೆಯದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿದ ಮೇಲೆ ಉಳಿ ಸಲೀಸಾಗಿ ಇಳಿಯಿತು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಹತ್ತಿ ದಾರಕ್ಕೆ ಐದು ಗಂಟು ಹಾಕಿದೆ. ಬೇನೆ ಸೋಕಿದಾಗಲೆಲ್ಲ ಒಂದು ಗಂಟಿಗೆ ಕಾಡಿಗೆ ಸವರುತ್ತೇನೆ. ಐದೂ ಕಪ್ಪಾದರೆ ಮರುದಿನದ ಸೂರ್ಯೋದಯದೊಳಗೆ, ಕಟ್ಟಿಕೊಂಡವರೇ, ಬರಿಗಾಲಲ್ಲಿ ಗಡಿ ದಾಟಿ ಅದನ್ನು ಬಿಟ್ಟುಬರಬೇಕು. ತಪ್ಪಿದರೆ ಒಳಗಿರುವುದೆಲ್ಲ ಅವರ ಮನೆಯ ಮೇಲೇ ಸುರಿಯುತ್ತದೆ. ಅಂಕದ ಲೆಕ್ಕವನ್ನು ಕೈಬಿಟ್ಟೆ. ಮೊದಲ ಗಂಟಿಗೆ ಕಾಡಿಗೆ ಹಚ್ಚಿದಾಗ ಮೇಜಿನ ಸುತ್ತ ಮಾತು ನಿಂತು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಷ್ಟೇ ಕೇಳುತ್ತಿತ್ತು.

ನಮ್ಮ ಗಡಿ ಮುಗಿದಲ್ಲಿ ಇನ್ನೊಂದು ಊರು ಶುರುವಾಗುತ್ತದೆ ಎಂಬುದನ್ನು ನಾನು ಬೇಕೆಂದೇ ನಿಯಮದಲ್ಲಿ ಬರೆದಿರಲಿಲ್ಲ. ಹಿಂದೆ ಊರೂರುಗಳು ಮಾರಿಯನ್ನು ಹಾಗೆಯೇ ಒಂದರಿಂದೊಂದಕ್ಕೆ ದಾಟಿಸುತ್ತಿದ್ದವು. ಕಳೆದ ಶ್ರಾವಣದ ಆಟದಲ್ಲಿ, ಗಿಡಮೂಲಿಕೆಯವಳ ಪಾತ್ರ ವಹಿಸಿದ್ದ ಗೆಳತಿ ಐದು ಕಪ್ಪು ಗಂಟುಗಳ ತಾಯತವನ್ನು ಬಿಚ್ಚಿ ಹಿಡಿದು ಗಡಿಕಲ್ಲಿನ ಬಳಿ ನಿಂತಳು. ಆಚೆ ಏನು ಕಾಣುತ್ತದೆ ಎಂದು ಕೇಳಿದಳು. ಒಂದು ಮನೆ, ಜಗುಲಿಯಲ್ಲಿ ದೀಪ, ಅದರ ಬೆಳಕಿನಲ್ಲಿ ಆಡುವ ಮಗುವಿನ ನೆರಳು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾಯತವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ದಾಳವನ್ನು ಕೈಗೆತ್ತಿಕೊಂಡಳು.