ಹಗ್ಗದ ಮೇಲಿಂದ ಬಾಲ್ ಹಾಕಿಸಿದ್ದು: ನನ್ನ ಅನುಭವ

ನಾನು ಲೆಫ್ಟ್ ಆರ್ಮ್ ಸ್ಪಿನ್ನರ್. ಧಾರವಾಡ ವಲಯಕ್ಕೆ ಹತ್ತು ವರ್ಷದ ಹತ್ತಿರ ಆಡಿದೆ. ಎರಡು ಸಲ ರಾಜ್ಯದ ಸಂಭಾವ್ಯರ ಪಟ್ಟಿಯಲ್ಲಿ ಹೆಸರು ಬಂತು, ಅಷ್ಟೇ. ಅದು 1990ರ ದಶಕ. ಒಂದು ಕಡೆ ಕುಂಬ್ಳೆ, ಇನ್ನೊಂದು ಕಡೆ ಸುನಿಲ್ ಜೋಶಿ. ಜೋಶಿ ಪಕ್ಕದ ಗದಗಿನವರು, ಅವರೂ ಎಡಗೈ. ಇನ್ನು ನನಗೆಲ್ಲಿ ಜಾಗ? 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರು 10 ಓವರ್‌ನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದರಲ್ಲ, ಅವತ್ತು ನನ್ನ ಹೊಟ್ಟೆಕಿಚ್ಚೂ ಇಳಿಯಿತು.

ಆಟ ಬಿಟ್ಟ ಮೇಲೆ ಹುಡುಗರಿಗೆ ಸ್ಪಿನ್ ಕಲಿಸಲು ಹುಬ್ಬಳ್ಳಿಯಲ್ಲಿ ನೆಟ್ಸ್ (ಬಲೆ ಕಟ್ಟಿದ ಅಭ್ಯಾಸದ ಪಿಚ್) ಹಾಕಿದೆ. ಮೊದಲ ಪೆಟ್ಟು ನೆಲದಿಂದಲೇ ಬಿತ್ತು. ನಮ್ಮದು ಎರೆಮಣ್ಣು, ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಕಂಟ್ರಾಕ್ಟರ್ ಅದರ ಮೇಲೇ ಸಿಮೆಂಟ್ ಎಳೆದ. ಒಂದೇ ಮಳೆಗಾಲಕ್ಕೆ ಅಡ್ಡಡ್ಡ ಬಿರುಕು. ಎಂಬತ್ತು ಸಾವಿರದಷ್ಟು ಹೋಯಿತು. ಆಮೇಲೆ ಮೂರಡಿ ಅಗೆಸಿ, ಗರಸು ತುಂಬಿಸಿ, ನೀರು ಬಿಟ್ಟು ರೋಲರ್ ಹೊಡೆಸಿದೆ. ಅದಕ್ಕೆ ಇನ್ನೂ ಒಂದೂವರೆ ಲಕ್ಷ ಇರಬೇಕು. ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿ ಬಂತು.

ಇನ್ನು ಹಗ್ಗದ ವಿಷಯ. ಹುಡುಗರೆಲ್ಲ ಟಿ20 ನೋಡಿ ಬಾಲ್ ಚಪ್ಪಟೆಯಾಗಿ ತಳ್ಳುತ್ತಿದ್ದರು. ಫ್ಲೈಟ್ ಕೊಡಿ, ಅಂದರೆ ಬಾಲ್ ಗಾಳಿಯಲ್ಲಿ ಎತ್ತರಕ್ಕೆ ಬಿಟ್ಟು ಇಳಿಸಿ, ಅಂತ ಬಾಯಲ್ಲಿ ಹೇಳಿ ಸಾಕಾಯಿತು. ಕೊನೆಗೆ ಪಿಚ್‌ಗೆ ಅಡ್ಡ ಎರಡು ಕಂಬ ನೆಟ್ಟು, ಬ್ಯಾಟ್ಸ್‌ಮನ್ ಕಣ್ಣಿನ ಎತ್ತರಕ್ಕೆ ಹಗ್ಗ ಕಟ್ಟಿದೆ. ಬಾಲ್ ಅದರ ಮೇಲಿಂದ ಹೋಗಬೇಕು, ಲೆಂತ್‌ಗೇ, ಅಂದರೆ ಪಿಚ್ ಮೇಲೆ ಸರಿಯಾದ ಜಾಗಕ್ಕೇ ಬೀಳಬೇಕು.

ಒಬ್ಬ ಹುಡುಗನ ತಂದೆ ಕೇಳಿಯೇ ಬಿಟ್ಟರು: "ಸರ, ಹಗ್ಗ ಕಟ್ಟಾಕ ಫೀಸ್ ಕೊಡಬೇಕೇನ್ರಿ?" ಬೇರೆ ಕೋಚ್‌ಗಳು, "ಇವನ ಹುಡುಗರನ್ನ ಸಿಕ್ಸ್ ಹೊಡೆದು ಸಾಯಿಸ್ತಾರೆ" ಅಂದರು.

ಮೊದಲ ಎರಡು ತಿಂಗಳು ಅವರು ಹೇಳಿದ್ದೇ ಸರಿ ಅನ್ನಿಸಿತು. ಬರೀ ಫುಲ್‌ಟಾಸ್, ನೆಲಕ್ಕೆ ಬೀಳದೆ ನೇರ ಬ್ಯಾಟಿಗೆ. ಎತ್ತರ ಬೇಕು ಅಂತ ಕೈ ಬೇಗ ಬಿಡುತ್ತಿದ್ದರು. ನೈಲಾನ್ ಹಗ್ಗ ಬೇರೆ ಆಷಾಢದ ಗಾಳಿಗೆ ತೂಗಾಡುತ್ತಿತ್ತು, ಕಣ್ಣಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಸೆಣಬಿನ ಹುರಿ ಬಿಗಿದು ಕೆಂಪು ಬಟ್ಟೆ ಚೂರು ಕಟ್ಟಿದೆ. ಹಗ್ಗವನ್ನು ಎದೆಮಟ್ಟಕ್ಕೆ ಇಳಿಸಿ, ವಾರಕ್ಕೆ ಎರಡು ಬೆರಳಿನಷ್ಟು ಏರಿಸಿದೆ. ಕೈ ತಾನಾಗಿ ದಾರಿಗೆ ಬಂತು. ಸ್ಟಂಪ್‌ನಿಂದ ಎಷ್ಟು ದೂರಕ್ಕೆ ಕಂಬ ನೆಡಬೇಕು ಅನ್ನೋದು ಮಾತ್ರ ಕೇಳಬೇಡಿ. ಅದು ನನ್ನ ಅನ್ನ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಟೆನಿಸ್ ಬಾಲ್‌ಗೆ ಅರ್ಧ ಭಾಗ ಟೇಪ್ ಸುತ್ತಿ ಡ್ರಿಫ್ಟ್ (ಬಾಲ್ ಗಾಳಿಯಲ್ಲೇ ಪಕ್ಕಕ್ಕೆ ಸರಿಯುವುದು) ಕಲಿಸಲು ಹೋದೆ. ಗಾಳಿಯಲ್ಲಿ ಚೆನ್ನಾಗಿಯೇ ತಿರುಗಿತು. ಆದರೆ ಲೆದರ್ ಬಾಲ್ ಕೈಗೆ ಕೊಟ್ಟಾಗ ಹುಡುಗರ ಹಿಡಿತವೇ ಕೆಟ್ಟಿತ್ತು. ಸುಮ್ನೆ ಮೂರು ವಾರ ದಂಡ.

ಅದೇ ಪ್ರಶ್ನೆ ಕೇಳಿದ ತಂದೆಯ ಮಗ, 15 ವರ್ಷದವನು, ಎರಡು ದಿನದ ಪಂದ್ಯದಲ್ಲಿ ಐದು ವಿಕೆಟ್ ತೆಗೆದ. ಅದರಲ್ಲಿ ಮೂರು ಸ್ಟಂಪಿಂಗ್! ಒಂದಕ್ಕಂತೂ ಬ್ಯಾಟ್ಸ್‌ಮನ್ ಎರಡು ಹೆಜ್ಜೆ ಮುಂದೆ ಬಂದು, ಬಾಲ್ ಇನ್ನೂ ಮೇಲಿಂದ ಇಳಿಯುತ್ತಿರುವಾಗಲೇ ಬ್ಯಾಟ್ ಬೀಸಿ ಮುಗಿಸಿದ್ದ. ಸಿಕ್ಸ್ ಬಿದ್ದಿಲ್ಲ ಅಂತಲ್ಲ, ನಾಲ್ಕು ಬಿದ್ದವು.

ಈಗ ಆ ಕೋಚ್‌ಗಳಲ್ಲಿ ಇಬ್ಬರ ನೆಟ್ಸ್‌ನಲ್ಲೂ ಹಗ್ಗ ಕಾಣುತ್ತೆ. ಕಂಬ ಮಾತ್ರ ತಪ್ಪು ಜಾಗದಲ್ಲಿದೆ.