ಅಮ್ಮ ಹುಟ್ಟಿದ ಬೀದಿ ಹುಡುಕೋದು ಹೇಗೆ? ಮೊದ್ಲು ಅಜ್ಜಿಯ ಅಪ್ಪನ ಹೆಸರು ಕೇಳ್ಕೊಳಿ

ಅಮ್ಮನೋ ಅಪ್ಪನೋ ಹುಟ್ಟಿದ ಬೀದಿ ಯಾವ್ದು ಅಂತ ಹುಡುಕೋಕೆ ಹೊರಟವ್ರು ಸಾಮಾನ್ಯವಾಗಿ ಅಪ್ಪನ ಕಡೆ ತಾತ, ಅಮ್ಮನ ಕಡೆ ತಾತ ಅಂತ ತಾತಂದಿರ ಹೆಸರು ಹಿಡ್ಕೊಂಡು ಹೋಗ್ತಾರೆ. ನಾನೂ ಹಂಗೇ ಮಾಡಿ ಎರಡು ತಿಂಗಳು ಹಾಳು ಮಾಡ್ಕೊಂಡೆ. ನಮ್ ಕಡೆ ಬಾಣಂತನ ಆಗೋದು ತವರಲ್ಲಿ ತಾನೇ? ನಮ್ಮ ತಾತನ ಮನೆ ಮಂಡ್ಯದಲ್ಲಿ, ಅಮ್ಮ ಬೆಳೆದಿದ್ದೂ ಅಲ್ಲೇ, ಆದ್ರೆ 1952ರಲ್ಲಿ ಹುಟ್ಟಿದ್ದು ಮೈಸೂರಲ್ಲಿ, ಅಜ್ಜಿಯ ಅಪ್ಪನ ಮನೇಲಿ, ಐದು ತಿಂಗಳಿಗೆ ತೊಟ್ಟಿಲು ಸಮೇತ ಮಂಡ್ಯಕ್ಕೆ ಕರ್ಕೊಂಡು ಬಂದ್ಬಿಟ್ರು, ಹಾಗಾಗಿ ಅಮ್ಮನ್ನ ಎಷ್ಟು ಕೇಳಿದ್ರೂ "ಮೈಸೂರು" ಅನ್ನೋದರ ಮುಂದಕ್ಕೆ ಒಂದಕ್ಷರ ಬರಲ್ಲ. ಆದ್ದರಿಂದ ಮೊದ್ಲು ಬರ್ಕೋಬೇಕಾದ್ದು ಅಜ್ಜಿಯ ಅಪ್ಪನ ಹೆಸರು, ಇನಿಷಿಯಲ್ ಸಮೇತ, ಜೊತೆಗೆ ಅವ್ರು ಏನು ಕೆಲಸ ಮಾಡ್ತಿದ್ರು ಅನ್ನೋದು. ಕೆಲಸ ಯಾಕೆ ಅಂತ ಆಮೇಲೆ ಹೇಳ್ತೀನಿ.

ಆಮೇಲೆ ಮನೇಲಿ ಇರೋ ಅತೀ ಹಿರಿಯರ ಹತ್ರ ಕೂತ್ಕೊಳಿ. ನನಗೆ ಸಿಕ್ಕಿದ್ದು ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ. "ಬೀದಿ ಹೆಸ್ರೇನಿತ್ತು ಚಿಕ್ಕಜ್ಜಿ" ಅಂದ್ರೆ ಅವ್ರಿಗೆ ನೆನಪಿಲ್ಲ, ಯಾಕಂದ್ರೆ ತಾವಿರೋ ಬೀದೀನ ಯಾರೂ ಹೆಸರಿಟ್ಟು ಕರೆಯಲ್ಲ, "ನಮ್ ಬೀದಿ" ಅಂತಾರೆ ಅಷ್ಟೇ. ಪ್ರಶ್ನೆ ಬದಲಾಯಿಸಿ. ನೀರು ಎಲ್ಲಿಂದ ತರ್ತಿದ್ರಿ, ಯಾವ ದೇವಸ್ಥಾನದ ಗಂಟೆ ಮನೆಗೆ ಕೇಳ್ತಿತ್ತು, ಜಂಬೂಸವಾರಿ ನೋಡೋಕೆ ಎಷ್ಟು ದೂರ ನಡೀತಿದ್ರಿ, ಹಿಟ್ಟಿನ ಮಿಷಿನ್ ಎಲ್ಲಿತ್ತು. ನೀರು ಅಂದ ತಕ್ಷಣ ಚಿಕ್ಕಜ್ಜಿ ಬಾಯಿ ಬಿಟ್ರು, "ಸುಣ್ಣದಕೇರಿ ಕಣೋ, ಬೀದಿ ತುದೀಲಿ ಸೇದೋ ಬಾವಿ, ಅದ್ರ ಪಕ್ಕದ್ದೇ ನಮ್ಮನೆ". ಸುಣ್ಣದಕೇರಿ ಅಂದ್ರೆ ಎಷ್ಟೊಂದು ಕ್ರಾಸು, ಆದ್ರೂ ಇಡೀ ಮೈಸೂರು ಹೋಗಿ ಒಂದು ಕೇರಿಗೆ ಬಂದು ನಿಂತಿತ್ತಲ್ಲ.

ಹಿರಿಯರು ಹೇಳೋ ಗುರುತು ಈಗ ಕಾಣಿಸ್ಲಿಲ್ಲ ಅಂದ್ರೆ ಅವ್ರು ತಪ್ಪು ಹೇಳಿದ್ರು ಅನ್ಕೋಬೇಡಿ. "ಕೆರೆ ಹತ್ರ" ಅಂತಾರೆ, ನೀವು ಮ್ಯಾಪಲ್ಲಿ ನೀಲಿ ಬಣ್ಣ ಹುಡುಕ್ತೀರಾ, ಸುಬ್ಬರಾಯನಕೆರೇಲಿ ನೀರು ಹೋಗಿ ಪಾರ್ಕ್ ಆಗಿ ಎಷ್ಟೋ ವರ್ಷ ಆಯ್ತು, ದೊಡ್ಡಕೆರೆ ಇದ್ದ ಕಡೆ ಈಗ ದಸರಾ ವಸ್ತುಪ್ರದರ್ಶನ ನಡೆಯುತ್ತೆ. ಹಾರ್ಡಿಂಜ್ ಸರ್ಕಲ್ಲು ಬೋರ್ಡಲ್ಲಿ ಜಯಚಾಮರಾಜೇಂದ್ರ ಒಡೆಯರ್ ವೃತ್ತ. ಒಂಟಿಕೊಪ್ಪಲು ಕಾಗದದಲ್ಲಿ ವಾಣಿವಿಲಾಸ ಮೊಹಲ್ಲಾ. ಇನ್ನು ಮಂಡ್ಯದವ್ರಿಗೆ ಒಂದು ಮಾತು, ಮಂಡ್ಯ ಬೇರೆ ಜಿಲ್ಲೆ ಆಗಿದ್ದೇ 1939ರಲ್ಲಿ, ಅದಕ್ಕಿಂತ ಮುಂಚಿನ ಕಾಗದದಲ್ಲಿ ಮೈಸೂರು ಜಿಲ್ಲೆ ಅಂತಾನೇ ಇರುತ್ತೆ, ಅದನ್ನ ನೋಡ್ಕೊಂಡು ಅಜ್ಜ ಮೈಸೂರು ಸಿಟೀಲಿ ಹುಟ್ಟಿದ್ರು ಅಂತ ಓಡಬೇಡಿ. ಚಾಮರಾಜನಗರದ ಕಡೆಯವ್ರಿಗೂ ಇದೇ ಕಥೆ, ಅದು ಬೇರೆ ಆಗಿದ್ದು 1997ರಲ್ಲಿ.

ಈಗ ಟ್ರಂಕ್ ತೆಗೀರಿ. ಎಲ್ಲರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹುಡುಕ್ತಾರೆ, ಅದರಲ್ಲಿ ಹುಟ್ಟಿದ ತಾರೀಕು ಸಿಗಬಹುದು, ಬೀದಿ ಸಿಗಲ್ಲ. ಜಾತಕದಲ್ಲೂ ಊರು ಮಾತ್ರ. ನೀವು ಹುಡುಕಬೇಕಾದ್ದು ಲಗ್ನಪತ್ರಿಕೆ, ಅದೂ ಅಜ್ಜಿಯ ತಂಗಿಯರದ್ದು. ಆಗೆಲ್ಲ ಮದುವೆ ಹೆಣ್ಣಿನ ಮನೆ ಮುಂದೇನೇ ಚಪ್ಪರ ಹಾಕಿ ಆಗ್ತಿತ್ತು, "ನಮ್ಮ ಸ್ವಗೃಹದಲ್ಲಿ" ಅಂತ ಅಚ್ಚಾಗಿ ಕೆಳಗೆ ಮನೆ ನಂಬರು, ಬೀದಿ, ಮೊಹಲ್ಲಾ ಎಲ್ಲಾ ಇರುತ್ತೆ. ಕಾರ್ಡು, ಇನ್ಲೆಂಡ್ ಲೆಟರ್ ಇದ್ರೆ ಎಸೀಬೇಡಿ, ತಾರೀಕು ಅಳಿಸಿಹೋಗಿದ್ರೂ ಪಿನ್‌ಕೋಡ್ ಇದ್ಯಾ ನೋಡಿ, ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ, ಇದ್ರೆ ಕಾಗದ ಅದಕ್ಕಿಂತ ಈಚಿನದು.

ಜನನ ಪ್ರಮಾಣಪತ್ರದ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ. ಈಗಿರೋ ಜನನ ಮರಣ ನೋಂದಣಿ ಕಾಯ್ದೆನೇ 1969ರದ್ದು, ಅದಕ್ಕೂ ಮುಂಚೆ ಸೂಲಗಿತ್ತಿ ಕೈಲಿ ಮನೇಲೇ ಹುಟ್ಟಿದ ಎಷ್ಟೋ ಮಕ್ಕಳದ್ದು ಬರೆಸೇ ಇಲ್ಲ. ಬರೆಸಿದ್ರೂ ನಾಮಕರಣಕ್ಕೆ ಮುಂಚೆ ಬರೆಸಿರೋದ್ರಿಂದ ಮಗು ಹೆಸರು ಇರಲ್ಲ, "ಹೆಣ್ಣು" ಅಂತ ಇರುತ್ತೆ, ಆದ್ರಿಂದ ಅಪ್ಪ ಅಮ್ಮನ ಹೆಸರಲ್ಲಿ ಹುಡುಕ್ಸಿ, ಹಿಂದೆ ಮುಂದೆ ಎರಡೆರಡು ವರ್ಷ ಸೇರಿಸಿ. ಚೆಲುವಾಂಬದಲ್ಲೋ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೇಲೋ ಹುಟ್ಟಿದ್ರೆ ಜನನ ಸ್ಥಳ ಅಂತ ಆಸ್ಪತ್ರೆ ಹೆಸರು ಬರುತ್ತೆ, ಆಗ ವಿಳಾಸದ ಕಾಲಂ ನೋಡಿ. ಅರ್ಜಿ ಕೊಟ್ರೆ ಸೀಲ್ ಹಾಕಿದ ಪ್ರತಿ ಇಸ್ಕೊಳ್ದೆ ಬರಬೇಡಿ, ಒಂದು ಕಚೇರೀಲಿ ನನ್ನ ಅರ್ಜಿನೇ ಕಳೆದು "ನೀವು ಕೊಟ್ಟೇ ಇಲ್ಲ ಸಾರ್" ಅಂದ್ಬಿಟ್ರು.

ನಿಜವಾದ ನಿಧಿ ಅಂದ್ರೆ ಕ್ರಯಪತ್ರ. ಮನೆ ಸ್ವಂತದ್ದಾಗಿದ್ರೆ ಯಾವತ್ತೋ ಮಾರಿರ್ತಾರೆ, ಮಾರಿದ ವರ್ಷ ಅಂದಾಜು ಗೊತ್ತಿದ್ರೆ ಸಬ್ ರಿಜಿಸ್ಟ್ರಾರ್ ಕಚೇರೀಲಿ ಇಸಿಗೆ, ಅಂದ್ರೆ ಆ ಆಸ್ತಿ ಮೇಲೆ ಯಾವ್ಯಾವ ಪತ್ರ ನೋಂದಣಿ ಆಗಿದೆ ಅನ್ನೋ ಪಟ್ಟಿಗೆ, ಅರ್ಜಿ ಹಾಕಿ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ಸಿಗುತ್ತೆ, ಹಿಂದಿನದಕ್ಕೆ ಕಚೇರಿಗೇ ಹೋಗಿ ಹಳೇ ಪುಸ್ತಕ ತೆಗೆಸಿ ಹುಡುಕ್ಸಬೇಕು. ಡಾಕ್ಯುಮೆಂಟ್ ನಂಬರ್ ಸಿಕ್ಕಿದ್ಮೇಲೆ ದೃಢೀಕೃತ ನಕಲು ತಗೊಂಡು ಸೀದಾ ಕೊನೇ ಪುಟಕ್ಕೆ ಹೋಗಿ, ಚಕ್ಕುಬಂದಿಗೆ, ಅಂದ್ರೆ ಮನೆಯ ನಾಲ್ಕೂ ದಿಕ್ಕಿನ ಗಡಿ ಬರೆದಿರೋ ಕಡೆಗೆ. ನಮ್ಮದರಲ್ಲಿ ಹೀಗಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಓಣಿ ಮತ್ತು ಸೇದುವ ಬಾವಿ. ಚಿಕ್ಕಜ್ಜಿಯ ಬಾವಿ ಅಲ್ಲಿ ಕೂತಿತ್ತು ಕಣ್ರೀ, ಶಾಯೀಲಿ, ದುಂಡು ಅಕ್ಷರದಲ್ಲಿ. ಬಾಡಿಗೆ ಮನೆ ಆಗಿದ್ರೆ ಈ ದಾರಿ ಇಲ್ಲ, ಲಗ್ನಪತ್ರಿಕೆನೇ ಗತಿ.

ಕೊನೆಗೆ ಬೀದಿಗೆ ಹೋಗಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅಡುಗೆ ಮುಗಿಸಿ ಹಿರಿಯರು ಜಗಲಿ ಮೇಲೆ ಕೂತಿರ್ತಾರೆ. ಫೈಲ್ ಕೈಲಿ ಹಿಡ್ಕೊಂಡು ಹೋಗಬೇಡಿ, ಆಸ್ತಿ ಕೇಸು ಅಂದ್ಕೊಂಡು ಬಾಗಿಲು ಹಾಕ್ಕೋತಾರೆ. ನಾನು ಅಜ್ಜಿಯ ಅಪ್ಪನ ಹೆಸರು ಹೇಳಿದ್ರೆ ಇಡೀ ಬೀದೀಲಿ ಯಾರಿಗೂ ಗೊತ್ತಿಲ್ಲ, "ರೈಲ್ವೆ ವರ್ಕ್‌ಶಾಪಲ್ಲಿ ಇದ್ರಲ್ಲ" ಅಂದಿದ್ದೇ ತಡ, ಒಬ್ರು ಅಜ್ಜಿ "ಓ, ಫಿಟ್ಟರಯ್ಯನೋರ ಮನೆ ಮಗುನಾ ನೀನು" ಅಂತ ಎದ್ದು ಬಂದ್ರು. ಮನೆ ಹೋಗಿ ಮೂರು ಅಂತಸ್ತು ಆಗಿದೆ. ಬಾವಿ ಮೇಲೆ ಕಲ್ಲುಚಪ್ಪಡಿ ಮುಚ್ಚಿ ಅದರ ಮೇಲೆ ಎರಡು ಸ್ಕೂಟರ್ ನಿಲ್ಲಿಸಿದ್ರು. ಮುಂದಿನ ಭಾನುವಾರ ಅಮ್ಮನ್ನ ಕರ್ಕೊಂಡು ಹೋದೆ, ಅವ್ರು ಮನೆ ಕಡೆ ತಿರುಗೂ ನೋಡ್ಲಿಲ್ಲ, ಚಪ್ಪಡಿ ಹತ್ರ ನಿಂತು "ಈ ಸ್ಕೂಟರ್ ಯಾರ್ದೋ, ಸ್ವಲ್ಪ ಸರಿಸೋಕೆ ಹೇಳೋ" ಅಂದ್ರು.