210 ಮತ್ತು 211: ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ನಾನು ಹೋಲಿಸಿದ ಬಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟೆರ್ರಿ ಬ್ರಾಡ್‌ಶಾ ಎಸೆದ ಚೆಂಡುಗಳಲ್ಲಿ ಎದುರಾಳಿಗಳ ಕೈ ಸೇರಿದ್ದು 210. ಬೆನ್ ರಾಥ್ಲಿಸ್‌ಬರ್ಗರ್ ಎಸೆದವುಗಳಲ್ಲಿ 211. ಇಬ್ಬರೂ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ತಮ್ಮ ತಂಡದವರಿಗೆ ಚೆಂಡು ಎಸೆದು ದಾಳಿ ನಡೆಸುವವರು. ಬ್ರಾಡ್‌ಶಾ ಆಡಿದ್ದು 1970ರಿಂದ 1983ರವರೆಗೆ, ಬೆನ್ 2004ರಿಂದ 2021ರವರೆಗೆ. ಈ ಎರಡು ಅಂಕಿ ಮಾತ್ರ ನೋಡಿದರೆ ಇಬ್ಬರೂ ಒಂದೇ ಅಂತ ಅನ್ನಿಸುತ್ತದೆ, ಅಲ್ವಾ?

ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುವ ಯಾರಿಗೂ ಇವರಿಬ್ಬರಲ್ಲಿ ಯಾರು ಮೇಲು ಅನ್ನುವ ಜಗಳ ತಪ್ಪಿದ್ದಲ್ಲ. ನಮ್ಮ ಆಫೀಸಿನ ಹಿರಿಯರೊಬ್ಬರಿಗೆ ಬ್ರಾಡ್‌ಶಾ ಅಂದರೆ ದೇವರು. ನನ್ನ ಮಗಳು ಬೆನ್‌ನ 7ನೇ ನಂಬರಿನ ಅಂಗಿ ಹಾಕಿಕೊಂಡೇ ಬೆಳೆದವಳು. ನನಗೆ ಕ್ರಿಕೆಟ್ ಅಂಕಿಅಂಶದ ಹುಚ್ಚು ಮೊದಲಿನಿಂದಲೂ ಇತ್ತು. ಅದೇ ಹುಚ್ಚಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದೆ.

ಒಟ್ಟು ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಬ್ರಾಡ್‌ಶಾ ಎಸೆದ ಪಾಸ್‌ಗಳು 3,901, ಬೆನ್ ಎಸೆದವು 8,443. ಅಂದರೆ ಬ್ರಾಡ್‌ಶಾನ ನೂರು ಎಸೆತದಲ್ಲಿ ಐದಕ್ಕಿಂತ ಜಾಸ್ತಿ ಎದುರಾಳಿ ಪಾಲಾದವು. ಬೆನ್‌ನದು ಎರಡೂವರೆ. ಇಲ್ಲಿಗೇ ನಿಲ್ಲಿಸಿದರೆ ಬೆನ್ ಗೆದ್ದಂತೆ.

ಆದರೆ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಬೇಕು. ಆಯಾ ವರ್ಷ ಇಡೀ ಲೀಗ್ (ಎಲ್ಲ ತಂಡಗಳೂ ಸೇರಿ) ಹೇಗೆ ಆಡಿತು ಅನ್ನುವ ಕಾಲಂ. 1970ರ ದಶಕದಲ್ಲಿ ಲೀಗಿನ ಸರಾಸರಿಯೇ ನೂರಕ್ಕೆ ಐದರ ಮೇಲಿತ್ತು. ಬೆನ್ ಆಡುವ ಕಾಲಕ್ಕೆ ಅದು ಮೂರರ ಆಸುಪಾಸಿಗೆ ಬಂದು, ಆಮೇಲೆ ಇನ್ನೂ ಇಳಿಯಿತು. ಈ ಒಂದು ವಿಷಯದಲ್ಲಿ ಇಬ್ಬರೂ ಅವರವರ ಕಾಲದ ಸರಾಸರಿಯ ಹತ್ತಿರವೇ ಇದ್ದಾರೆ. ವಿಶ್ವನಾಥ್ ಸರಾಸರಿ 41.93, ದ್ರಾವಿಡ್‌ದು 52.31, ಆದ್ದರಿಂದ ದ್ರಾವಿಡ್ಡೇ ಮೇಲು ಅಂತ ಭದ್ರಾವತಿಗೆ ಹೋಗಿ ಹೇಳಿ ನೋಡಿ. ಏನು ಉತ್ತರ ಸಿಗುತ್ತದೋ ಇಲ್ಲೂ ಅದೇ ಸಿಗುತ್ತದೆ.

ಲೀಗಿನ ಅಂಕಿ ಹೀಗೆ ಬದಲಾದದ್ದು ಯಾಕೆ ಅಂತ ಹುಡುಕುವಾಗ ನನಗೆ ಅತಿ ಹೆಚ್ಚು ಖುಷಿ ಸಿಕ್ಕಿತು. 1978ಕ್ಕೆ ಮುಂಚೆ ಚೆಂಡು ಹಿಡಿಯಲು ಓಡುವವನನ್ನು ರಕ್ಷಣಾ ಆಟಗಾರ ದೂರ ಹೋದ ಮೇಲೂ ತಳ್ಳಬಹುದಿತ್ತು, ಗುದ್ದಬಹುದಿತ್ತು. ಇದರಲ್ಲಿ ಎಲ್ಲರಿಗಿಂತ ಪಳಗಿದವನು ಸ್ಟೀಲರ್ಸ್‌ನವನೇ ಆದ ಮೆಲ್ ಬ್ಲೌಂಟ್. 1978ರಲ್ಲಿ ಐದು ಗಜ ದಾಟಿದ ಮೇಲೆ ಮುಟ್ಟುವಂತಿಲ್ಲ ಅಂತ ನಿಯಮ ಬಂತು. ಜನ ಅದನ್ನು ಕರೆಯುವುದೇ ಮೆಲ್ ಬ್ಲೌಂಟ್ ನಿಯಮ ಅಂತ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರಿಗೂ ತೋಳು ಚಾಚಿ ತಡೆಯಲು ಆಗಲೇ ಅನುಮತಿ ಸಿಕ್ಕಿತು. ಬ್ಲೌಂಟ್‌ನ ಕೈ ಕಟ್ಟಿದ ಈ ನಿಯಮದಿಂದ ಲಾಭವಾದದ್ದು ಅದೇ ತಂಡದ ಬ್ರಾಡ್‌ಶಾಗೆ. ಆ ವರ್ಷ 28 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಮುಗಿದು ಅಂಕ ತರುವ ಪಾಸ್) ಎಸೆದು ಲೀಗಿನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಆದ.

ಹಳೆಯ ಪಂದ್ಯಗಳ ವಿಡಿಯೋ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಬರೀ ಹೈಲೈಟ್ಸ್ ನೋಡಬೇಡಿ, ಅದರಲ್ಲಿ ಬ್ರಾಡ್‌ಶಾನ ಪಾಸ್ ಹಿಡಿಯುತ್ತಿದ್ದ ಲಿನ್ ಸ್ವಾನ್ ಗಾಳಿಯಲ್ಲಿ ತೇಲುವುದಷ್ಟೇ ಇರುತ್ತದೆ. ಇಡೀ ಪಂದ್ಯ ನೋಡಿದರೆ ಚೆಂಡು ಎಸೆಯುವುದೇ ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಬ್ರಾಡ್‌ಶಾ ಪಂದ್ಯಕ್ಕೆ ಸರಾಸರಿ 23 ಸಲ ಎಸೆದರೆ, ಬೆನ್ 34 ಸಲ. ಬ್ರಾಡ್‌ಶಾ ಎಸೆದಾಗ ಮಾತ್ರ ದೂರಕ್ಕೇ ಎಸೆಯುತ್ತಿದ್ದ. ಕೈಗೆ ಸೇರಿದ ಪ್ರತಿ ಪಾಸಿಗೆ ಅವನದು ಸುಮಾರು 13.8 ಗಜ, ಬೆನ್‌ದು 11.8. ಟಚ್‌ಡೌನ್ ಪ್ರಮಾಣದಲ್ಲೂ ಬ್ರಾಡ್‌ಶಾನೇ ಒಂದು ಕೂದಲೆಳೆ ಮುಂದೆ. ಇದು ನಾನು ಎಣಿಸಿರದ ಫಲಿತಾಂಶ.

ಆಮೇಲೆ ಬ್ರಾಡ್‌ಶಾನ ವೃತ್ತಿಯನ್ನು ಎರಡು ತುಂಡು ಮಾಡಿದೆ. ಮೊದಲ ಐದು ವರ್ಷ 48 ಟಚ್‌ಡೌನ್, 81 ಇಂಟರ್‌ಸೆಪ್ಷನ್ (ಎದುರಾಳಿ ಕೈ ಸೇರಿದ ಪಾಸ್). ಯಾವ ಕಾಲಕ್ಕೆ ಹೋಲಿಸಿದರೂ ಇದು ಕೆಟ್ಟದ್ದೇ. 1974ರ ಆರಂಭದಲ್ಲಿ ಜಾಗ ಕಳೆದುಕೊಂಡು, ಮೊದಲ ಆರು ಪಂದ್ಯಗಳನ್ನು ತಂಡದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜೋ ಗಿಲಿಯಂಗೆ ಬಿಟ್ಟುಕೊಡಬೇಕಾಯಿತು. 1975ರಿಂದ ಮುಂದೆ 164 ಟಚ್‌ಡೌನ್, 129 ಇಂಟರ್‌ಸೆಪ್ಷನ್. ಬೇರೆ ಯಾರೋ ಆಡಿದ ಹಾಗಿದೆ. ಬೆನ್‌ಗೆ ಇಂಥ ಎಡವಟ್ಟಿನ ಆರಂಭ ಇರಲಿಲ್ಲ. ಮೊದಲ ವರ್ಷವೇ ತಾನು ಆರಂಭಿಸಿದ 13 ಲೀಗ್ ಪಂದ್ಯಗಳನ್ನೂ ಗೆದ್ದ. ಒಳ್ಳೆಯ ಡಿಫೆನ್ಸ್ ಇತ್ತು ನಿಜ. ಆದರೆ ಆ ಮಾತು ಜೋ ಗ್ರೀನ್, ಜ್ಯಾಕ್ ಲ್ಯಾಂಬರ್ಟ್‌ರಂಥ ಡಿಫೆನ್ಸ್ ದಿಗ್ಗಜರ ಜೊತೆ ಆಡಿದ ಬ್ರಾಡ್‌ಶಾನ ಪರವಾಗಿ ವಾದ ಮಾಡುವವರ ಬಾಯಲ್ಲಿ ಚೆನ್ನಾಗಿರುವುದಿಲ್ಲ! ಇಬ್ಬರ ಮೊದಲ ಸೂಪರ್ ಬೌಲ್ (ಲೀಗಿನ ಫೈನಲ್) ತೆಗೆದು ನೋಡಿ: ಬ್ರಾಡ್‌ಶಾ 14ರಲ್ಲಿ 9 ಪಾಸ್ ಮುಟ್ಟಿಸಿದ, ಬೆನ್ 21ರಲ್ಲಿ 9. ಎರಡೂ ಸಲ ಗೆದ್ದದ್ದು ಸ್ಟೀಲರ್ಸ್. ಎರಡೂ ಸಲ ಹೊರೆ ಹೊತ್ತದ್ದು ಬೇರೆಯವರು.

ಶೀಟಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದೇನೆ. ಪಂದ್ಯದಲ್ಲಿ ಮುಂದಿನ ನಡೆ ಯಾವುದು ಅಂತ ಬ್ರಾಡ್‌ಶಾ ಬಹುಪಾಲು ತಾನೇ ನಿರ್ಧರಿಸುತ್ತಿದ್ದ. ಬೆನ್ ಕಾಲಕ್ಕೆ ಹೆಲ್ಮೆಟ್ಟಿನೊಳಗೆ ರೇಡಿಯೋ ಬಂದಾಗಿತ್ತು, ಕೋಚ್ ಹೇಳುತ್ತಿದ್ದ. ಆ ಹೊಣೆಗೆ ಎಷ್ಟು ಅಂಕ ಕೊಡುವುದು? ಅಳೆಯುವ ದಾರಿ ನನಗೆ ಕಾಣಲಿಲ್ಲ. ಆದರೂ ಬ್ರಾಡ್‌ಶಾನ ಬಗ್ಗೆ ನನ್ನ ಗೌರವ ಜಾಸ್ತಿ ಆದದ್ದು ಅಲ್ಲೇ.

ನನ್ನ ತೀರ್ಪು ಬೆನ್ ಕಡೆಗೆ. ಹದಿನೆಂಟು ವರ್ಷ, ಪಾಸರ್ ರೇಟಿಂಗ್ (ಎಸೆತಗಳ ಒಟ್ಟಾರೆ ಗುಣ ಅಳೆಯುವ ಅಂಕ) 93.5, ಅದೂ ತನ್ನ ಕಾಲದ ಸರಾಸರಿಗಿಂತ ಚೆನ್ನಾಗಿಯೇ ಮೇಲೆ. ಬ್ರಾಡ್‌ಶಾನ 70.9 ಅವನ ಕಾಲದ ಸರಾಸರಿಗಿಂತ ಸ್ವಲ್ಪವಷ್ಟೇ ಮೇಲೆ. ಮೊದಲ ಐದು ವರ್ಷ ಅವನನ್ನು ಕೆಳಗೆ ಎಳೆಯಿತು. ಆದರೆ ಆ ವರ್ಷಗಳೂ ಅವನವೇ, ತೆಗೆದುಹಾಕಲು ಬರುವುದಿಲ್ಲ.

ಇದನ್ನು ಆಫೀಸಿನ ಹಿರಿಯರಿಗೆ ತೋರಿಸಿದಾಗ ಅವರು ಶೀಟು ನೋಡಲೇ ಇಲ್ಲ. ನಾಲ್ಕು ಬೆರಳು ಎತ್ತಿದರು, ಅಷ್ಟೇ. ಬ್ರಾಡ್‌ಶಾ ಆಡಿದ ಸೂಪರ್ ಬೌಲ್‌ಗಳು ನಾಲ್ಕು, ಗೆದ್ದದ್ದು ನಾಲ್ಕು, ಅವುಗಳಲ್ಲಿ 9 ಟಚ್‌ಡೌನ್, 4 ಇಂಟರ್‌ಸೆಪ್ಷನ್. ಬೆನ್ ಆಡಿದ ಮೂರರಲ್ಲಿ 3 ಟಚ್‌ಡೌನ್, 5 ಇಂಟರ್‌ಸೆಪ್ಷನ್, ಒಂದು ಸೋಲು. ಅವುಗಳಲ್ಲೊಂದರಲ್ಲಿ, ಅರಿಜೋನಾ ವಿರುದ್ಧ 35 ಸೆಕೆಂಡ್ ಉಳಿದಿದ್ದಾಗ ಮೂಲೆಯಲ್ಲಿದ್ದ ಸ್ಯಾಂಟೋನಿಯೋ ಹೋಮ್ಸ್‌ಗೆ ಬೆನ್ ಎಸೆದು ಪಂದ್ಯ ಗೆಲ್ಲಿಸಿದ ಆ ಒಂದು ಪಾಸ್ ಎಂಥದ್ದು ಅಂತ ನಾನು ಎಷ್ಟು ಹೇಳಿದರೂ ಈ ಲೆಕ್ಕ ತಿರುಗುವುದಿಲ್ಲ. ಸೂಪರ್ ಬೌಲ್ ಮಾತು ಬಂದಾಗ ಅವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.